ಎಲ್ಲಿಗೆ ಹೋಗಿ ಬಂದಿರಿ ಎಂದು ರಕ್ತನಿಧಿ ಕೇಳುವುದೇಕೆ?

‘ಕಳೆದ ಮೂರು ವರ್ಷಗಳಲ್ಲಿ ಅಮೆರಿಕ, ಕೆನಡಾ ಬಿಟ್ಟು ಹೊರಗೆ ಹೋಗಿದ್ದಿರಾ?’

ಅಮೆರಿಕದಲ್ಲಿ ರಕ್ತ ಕೊಡಲು ಹೋದವರಿಗೆಲ್ಲ ಎದುರಾಗುವ ಪ್ರಶ್ನೆ ಇದು. ಹೌದು ಎಂದರೆ ಯಾವ ದೇಶ, ಯಾವ ಊರು, ಬಂದು ಎಷ್ಟು ದಿನವಾಯಿತು ಎಂದು ಕೇಳುತ್ತ ಹೋಗುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಕೆಲಸ ಹಿಡಿದು ಹೊಸದಾಗಿ ಅಲ್ಲಿಗೆ ಹೋದವರಿಗೆ ಸಿಗುವ ಉತ್ತರ ಒಂದೇ: ಮೂರು ವರ್ಷ ಬಿಟ್ಟು ಬನ್ನಿ. ಇಷ್ಟರ ಮಧ್ಯೆ ತಂಗಿಯ ಮದುವೆಗೆಂದು ಹತ್ತು ದಿನ ಊರಿಗೆ ಬಂದು ಹೋದರೆ ಮತ್ತೆ ಮೊದಲಿನಿಂದ ಮೂರು ವರ್ಷ ಎಣಿಸಬೇಕು. ಸತತ ಮೂರು ವರ್ಷ ಮಲೇರಿಯಾ ಇಲ್ಲದ ನಾಡಿನಲ್ಲಿ ಕಳೆದ ಮೇಲಷ್ಟೇ ನಿಯಮ ಸಡಿಲವಾಗುತ್ತದೆ. ಆಮೇಲೆ ಪ್ರತಿ ಸಲ ಊರಿಗೆ ಬಂದು ಹೋದಾಗಲೂ ಮೂರು ತಿಂಗಳು ಕಾದರೆ ಸಾಕು. ಅಮೆರಿಕದಲ್ಲೇ ಹುಟ್ಟಿ ಬೆಳೆದು ಪ್ರವಾಸಕ್ಕೆಂದು ಹಂಪಿ ನೋಡಿಕೊಂಡು ಹೋದವರಿಗೂ ಇದೇ ಮೂರು ತಿಂಗಳು. 2020ರ ಏಪ್ರಿಲ್‌ವರೆಗೆ ಅವರಿಗೆ ಒಂದು ವರ್ಷದ ತಡೆ ಇತ್ತು. ಕೋವಿಡ್ ಕಾಲದಲ್ಲಿ ರಕ್ತದ ಕೊರತೆ ವಿಪರೀತವಾದಾಗ ಅದನ್ನು ಇಳಿಸಿದರು.

ತಾನು ಆರೋಗ್ಯವಾಗಿದ್ದೇನೆ, ಜೀವಮಾನದಲ್ಲಿ ಮಲೇರಿಯಾ ಬಂದಿಲ್ಲ, ಆದರೂ ಬೇಡ ಅನ್ನುತ್ತಾರಲ್ಲ ಎಂದು ಬೇಸರಪಟ್ಟುಕೊಂಡವರು ಬಹಳ ಮಂದಿ. ಆ ಬೇಸರಕ್ಕೆ ಕಾರಣವಿದೆ. ಆ ಪ್ರಶ್ನೆಗೂ ಕಾರಣವಿದೆ, ಅದರ ಹಿಂದೆ ಸತ್ತವರ ಲೆಕ್ಕವೂ ಇದೆ.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಸೊಳ್ಳೆ ಇಲ್ಲದೆಯೂ ಬರಬಹುದು ಎಂಬುದು ನೂರು ವರ್ಷಗಳಿಗೂ ಹಿಂದೆ, 1911ರಲ್ಲೇ ವರದಿಯಾದ ಸಂಗತಿ. ಪ್ಲಾಸ್ಮೋಡಿಯಂ ಎಂಬ ಏಕಕೋಶಿ ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಬೆಳೆಯುತ್ತದೆ. ಆ ಕಣಗಳನ್ನೇ ಚೀಲಕ್ಕೆ ತುಂಬಿ ಇನ್ನೊಬ್ಬರ ನಾಳಕ್ಕೆ ಹರಿಸಿದರೆ ಪರಾವಲಂಬಿಯೂ ಜೊತೆಯಲ್ಲೇ ಹೋಗುತ್ತದೆ. ರಕ್ತನಿಧಿಯ ಫ್ರಿಜ್ಜಿನ ನಾಲ್ಕು ಡಿಗ್ರಿ ಚಳಿಗೆ ಅದು ಸಾಯುವುದಿಲ್ಲ. ವಾರ ಕಳೆದ ರಕ್ತದಿಂದಲೂ ಸೋಂಕು ದಾಟಬಲ್ಲದು.

ಸೊಳ್ಳೆ ಕಚ್ಚಿದಾಗ ಪರಾವಲಂಬಿ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಬೆಳೆದು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ವೈವಾಕ್ಸ್ ಜಾತಿಯದಾದರೆ ಯಕೃತ್ತಿನಲ್ಲೇ ಅಡಗಿದ್ದು ತಿಂಗಳುಗಟ್ಟಲೆ ಕಳೆದ ಮೇಲೆ ಮರುಕಳಿಸುತ್ತದೆ. ನಮ್ಮೂರುಗಳಲ್ಲಿ ಜ್ವರ ಬಿಟ್ಟ ಮೇಲೂ ಹದಿನಾಲ್ಕು ದಿನ ಮಾತ್ರೆ ನುಂಗಿಸುವುದು ಆ ಅಡಗಿದ್ದನ್ನು ಕೊಲ್ಲಲಿಕ್ಕೆ. ರಕ್ತದ ಚೀಲದಿಂದ ಬಂದ ಮಲೇರಿಯಾ ಯಕೃತ್ತಿನ ದಾರಿ ಹಿಡಿಯುವುದೇ ಇಲ್ಲ, ನೇರವಾಗಿ ಕೆಂಪುಕಣಕ್ಕೆ ಸೇರಿಬಿಡುತ್ತದೆ. ಹಾಗಾಗಿ ಅದು ಮರುಕಳಿಸುವ ಭಯವಿಲ್ಲ. ಆದರೆ ಅದನ್ನು ಪಡೆಯುವವರು ಯಾರು ಎಂದು ಯೋಚಿಸಿ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಬಾಣಂತಿ, ಕೀಮೋಥೆರಪಿಯಿಂದ ಬಸವಳಿದವರು, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಐಸಿಯುನಲ್ಲಿ ಮಲಗಿದ ವೃದ್ಧರು. ಮಲೇರಿಯಾ ಎಂದೂ ಕಾಣದ ಅವರ ದೇಹಕ್ಕೆ ಅದನ್ನು ಎದುರಿಸುವ ಶಕ್ತಿ ಇರುವುದಿಲ್ಲ. ರಕ್ತ ಪಡೆದ ಒಂದೆರಡು ವಾರಕ್ಕೆ ಜ್ವರ ಬಂದರೆ ಷಿಕಾಗೋದ ವೈದ್ಯರು ಹತ್ತು ಕಾರಣ ಯೋಚಿಸುತ್ತಾರೆ, ಮಲೇರಿಯಾ ಆ ಹತ್ತರಲ್ಲಿ ಇರುವುದು ಅಪರೂಪ. ಫ್ಯಾಲ್ಸಿಪಾರಂ ಜಾತಿಯದಾಗಿದ್ದರೆ ಗುರುತಿಸಲು ತಡವಾದಷ್ಟೂ ಜೀವಕ್ಕೆ ಅಪಾಯ.

1963ರಿಂದ 1999ರವರೆಗೆ ಅಮೆರಿಕದಲ್ಲಿ ರಕ್ತ ಪಡೆದು ಮಲೇರಿಯಾ ಬಂದ 93 ಪ್ರಕರಣಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ತಜ್ಞರು ಕೂಡಿಸಿ ನೋಡಿ 2001ರಲ್ಲಿ ಪ್ರಕಟಿಸಿದರು. ಹತ್ತು ಮಂದಿ ಸತ್ತಿದ್ದರು. ಮೂವತ್ತೇಳು ವರ್ಷಗಳಲ್ಲಿ 93 ಎಂದರೆ ಕೋಟಿಗಟ್ಟಲೆ ಚೀಲಗಳ ನಡುವೆ ತೀರ ಸಣ್ಣ ಸಂಖ್ಯೆ. ನನಗೆ ಮುಖ್ಯವಾಗಿ ಕಾಣುವುದು ಅದೇ ಅಧ್ಯಯನದ ಇನ್ನೊಂದು ಲೆಕ್ಕ. ವಿವರ ಸಿಕ್ಕ 60 ದಾನಿಗಳಲ್ಲಿ 37 ಮಂದಿಯನ್ನು, ಅಂದರೆ ನೂರಕ್ಕೆ 62ರಷ್ಟು ಜನರನ್ನು, ಆಗಿದ್ದ ನಿಯಮದ ಪ್ರಕಾರವೇ ತಡೆಯಬೇಕಿತ್ತು. ನಿಯಮ ಇತ್ತು, ಪ್ರಶ್ನೆಯೂ ಇತ್ತು. ಕೇಳಿದವರು ಸರಿಯಾಗಿ ಕೇಳಲಿಲ್ಲ, ಇಲ್ಲವೇ ಹೇಳಬೇಕಾದವರು ಹೇಳಲಿಲ್ಲ.

ಇಷ್ಟೆಲ್ಲ ಪ್ರಶ್ನೆ ಯಾಕೆ, ರಕ್ತ ಪರೀಕ್ಷೆ ಮಾಡಿದರೆ ಮುಗಿಯಿತಲ್ಲ ಎನ್ನಬಹುದು. ಅಲ್ಲೇ ಇರುವುದು ತೊಡಕು. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯಾಗಲಿ, ಹತ್ತು ಹದಿನೈದು ನಿಮಿಷದಲ್ಲಿ ಗೆರೆ ಮೂಡಿಸುವ ರ‍್ಯಾಪಿಡ್ ಕಿಟ್ ಆಗಲಿ, ರೂಪುಗೊಂಡಿದ್ದು ಜ್ವರ ಬಂದು ನಡುಗುವ ರೋಗಿಗಾಗಿ. ಆತನ ರಕ್ತದಲ್ಲಿ ಪರಾವಲಂಬಿಗಳು ಧಾರಾಳವಾಗಿರುತ್ತವೆ. ರ‍್ಯಾಪಿಡ್ ಕಿಟ್‌ಗೆ ಗೊತ್ತಾಗಬೇಕಾದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಸುಮಾರಾಗಿ, ನೂರು ಪರಾವಲಂಬಿಗಳಾದರೂ ಇರಬೇಕು. ಈಗ ಲೆಕ್ಕ ಹಾಕಿ. ಒಂದು ಚೀಲದಲ್ಲಿ 450 ಮಿಲಿಲೀಟರ್ ರಕ್ತ, ಅಂದರೆ ನಾಲ್ಕೂವರೆ ಲಕ್ಷ ಮೈಕ್ರೋಲೀಟರ್. ಮೈಕ್ರೋಲೀಟರಿಗೆ ತೊಂಬತ್ತು ಪರಾವಲಂಬಿಗಳಿದ್ದರೆ ಇಡೀ ಚೀಲದಲ್ಲಿ ನಾಲ್ಕು ಕೋಟಿ. ಕಿಟ್ ಮಾತ್ರ ‘ನೆಗೆಟಿವ್’ ಎಂದೇ ತೋರಿಸಬಹುದು. ಸೋಂಕು ದಾಟಲು ನಾಲ್ಕು ಕೋಟಿ ಬೇಕಿಲ್ಲ, ಹತ್ತಾರು ಸಾಕು.

ಆರೋಗ್ಯವಂತನ ರಕ್ತದಲ್ಲಿ ಮಲೇರಿಯಾ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಮಲೇರಿಯಾ ದಟ್ಟವಾಗಿರುವ ನಾಡಿನಲ್ಲಿ ಬಾಲ್ಯದಿಂದ ಮತ್ತೆ ಮತ್ತೆ ಸೋಂಕಿಗೆ ಸಿಕ್ಕವರ ದೇಹ ಅದರೊಡನೆ ಬದುಕುವುದನ್ನು ಕಲಿತಿರುತ್ತದೆ. ಪರಾವಲಂಬಿ ಪೂರ್ತಿ ಹೋಗಿರುವುದಿಲ್ಲ, ಜ್ವರ ಬರಿಸುವಷ್ಟು ಹೆಚ್ಚಿಯೂ ಇರುವುದಿಲ್ಲ. ಮಲೇರಿಯೇ ಎಂಬ ಜಾತಿಯಂತೂ ಹೀಗೆ ದಶಕಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದು. ತಮ್ಮ ಊರು ಬಿಟ್ಟು ನಲವತ್ತು ವರ್ಷ ಕಳೆದ ದಾನಿಗಳಿಂದಲೂ ಅದು ದಾಟಿದ ದಾಖಲೆಗಳಿವೆ. ಪ್ರವಾಸಕ್ಕೆ ಹೋಗಿ ಬಂದವರ ವಿಷಯ ಬೇರೆ. ಅವರಿಗೆ ಈ ರಕ್ಷಣೆ ಇಲ್ಲದ್ದರಿಂದ ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಜ್ವರ ಬಂದು ಗೊತ್ತಾಗುತ್ತದೆ. ಆದ್ದರಿಂದಲೇ ಪ್ರವಾಸಿಗೆ ಮೂರು ತಿಂಗಳು, ನಿವಾಸಿಗೆ ಮೂರು ವರ್ಷ. ರಕ್ತ ಕೊಡುವವರಿಗೆ ತಾರತಮ್ಯ ಎನಿಸುವುದರ ಹಿಂದೆ ಇಂಥ ಜೀವಶಾಸ್ತ್ರವಿದೆ.

ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾಗಳು ಬಹಳ ಹಿಂದೆಯೇ ಇನ್ನೊಂದು ದಾರಿ ಹಿಡಿದವು. ಪರಾವಲಂಬಿಯನ್ನೇ ಹುಡುಕುವ ಬದಲು, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಅದು. ಮಲೇರಿಯಾ ನಾಡಿನಲ್ಲಿ ಬಾಳಿದವರು ಕೊನೆಯ ಬಾರಿ ಅಲ್ಲಿಂದ ಬಂದು ಕೆಲವು ತಿಂಗಳು ಕಳೆದ ಮೇಲೆ ಈ ಪರೀಕ್ಷೆಗೆ ರಕ್ತ ಕೊಡುತ್ತಾರೆ, ನೆಗೆಟಿವ್ ಬಂದರೆ ದಾನಿಗಳಾಗುತ್ತಾರೆ. ಆಸ್ಟ್ರೇಲಿಯಾ 2005ರಲ್ಲಿ ಇದನ್ನು ತಂದಿತು. ಕಾಯುವ ಅವಧಿಯಲ್ಲೂ ಅಲ್ಲಿ ದಾನಿಯನ್ನು ಬರಿಗೈಲಿ ಕಳಿಸುವುದಿಲ್ಲ, ಪ್ಲಾಸ್ಮಾ ಕೊಡಿ ಎನ್ನುತ್ತಾರೆ. ಪರಾವಲಂಬಿ ಇರುವುದು ಕೆಂಪುಕಣದೊಳಗೆ. ಕಣಗಳನ್ನು ದಾನಿಗೇ ಮರಳಿಸಿ ದ್ರವವನ್ನಷ್ಟೇ ತೆಗೆದುಕೊಂಡು, ಅದನ್ನು ಕಾರ್ಖಾನೆಯಲ್ಲಿ ಸಂಸ್ಕರಿಸಿ ಔಷಧ ಮಾಡುವುದಕ್ಕೆ ಅಡ್ಡಿಯಿಲ್ಲ. ಜನ ಕೊಡಲು ಬಂದಾಗ ಅವರಿಂದ ಏನನ್ನು ಸುರಕ್ಷಿತವಾಗಿ ಪಡೆಯಬಹುದು ಎಂದು ಹುಡುಕಿದ ಈ ಬುದ್ಧಿವಂತಿಕೆ ನನಗೆ ಬಹಳ ಮೆಚ್ಚುಗೆಯಾಗುತ್ತದೆ.

ಪ್ರಶ್ನೆಯೊಂದನ್ನೇ ನಂಬಿದ ದೇಶದಲ್ಲಿ ನಷ್ಟ ಯಾರಿಗೆ? ಪ್ರಶ್ನೆ ಎಂಬುದು ತೂತು ತೀರ ಸಣ್ಣದಾದ ಜರಡಿ. ಒಂದು ಕಲ್ಲು ತಡೆಯಲು ಸಾವಿರ ಕಾಳುಗಳನ್ನು ಮೇಲೆಯೇ ಉಳಿಸಿಬಿಡುತ್ತದೆ. ಅಮೆರಿಕದಲ್ಲಿ ಮಲೇರಿಯಾ ಕಾರಣಕ್ಕೆ ವಾಪಸು ಹೋದ ಪ್ರಯಾಣಿಕರಲ್ಲಿ ದೊಡ್ಡ ಪಾಲು ಮೆಕ್ಸಿಕೋದ ಕಡಲತೀರಗಳಿಗೆ ರಜೆಗೆ ಹೋಗಿ ಬಂದವರದು. ಅವರಿಂದ ಬರಬಹುದಾದ ಅಪಾಯ ನಗಣ್ಯ ಎಂದು ಸಂಶೋಧಕರು ತೋರಿಸಿದ ಮೇಲೆ, 2013ರಲ್ಲಿ ಕಾನ್‌ಕುನ್ ಇರುವ ಕಿಂತಾನಾ ರೋ ಪ್ರಾಂತಕ್ಕೆ ವಿನಾಯಿತಿ ಕೊಟ್ಟರು. ರಜೆಗೆ ಹೋದವರ ಕಥೆ ಹೀಗೆ ಬಗೆಹರಿಯಿತು. ವಲಸೆ ಬಂದವರದು ಇನ್ನೂ ಗಹನ.

ಸಿಕಲ್ ಸೆಲ್ ಕಾಯಿಲೆಯನ್ನು ತೆಗೆದುಕೊಳ್ಳಿ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲೂ ಇರುವ, ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಕಾಣುವ ರೋಗ ಇದು. ಕೆಂಪುಕಣ ಕುಡುಗೋಲಿನಂತೆ ಬಾಗುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನು ಬಂದರೆ ರೋಗವಾಗದು, ಬದಲಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಮಕ್ಕಳನ್ನು ಕೊಲ್ಲುತ್ತಿದ್ದ ನಾಡುಗಳಲ್ಲೇ ಈ ಜೀನು ಉಳಿದು ಬೆಳೆದದ್ದು ಆ ಕಾರಣಕ್ಕೆ. ಇಬ್ಬರಿಂದಲೂ ಬಂದ ಮಗುವಿಗೆ ಮಾತ್ರ ಸಿಕಲ್ ಸೆಲ್ ರೋಗ. ಅಂಥ ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ರಕ್ತ ಕೊಡುತ್ತಲೇ ಇರಬೇಕು. ಎ, ಬಿ, ಓ ಹೊಂದಿದರೆ ಸಾಲದು, ಇತರ ಸೂಕ್ಷ್ಮ ಗುಂಪುಗಳೂ ಹೊಂದಬೇಕು. ಇಲ್ಲವಾದರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಮುಂದೊಂದು ದಿನ ಯಾರ ರಕ್ತವೂ ಒಗ್ಗದಂತಾಗುತ್ತದೆ. ಚೆನ್ನಾಗಿ ಹೊಂದುವ ರಕ್ತ ಸಿಗುವುದು ಸಾಮಾನ್ಯವಾಗಿ ಅದೇ ಮೂಲದ ಜನರಲ್ಲಿ. ಅಂದರೆ ಈ ಮಗುವಿಗೆ ಯಾರ ರಕ್ತ ಬೇಕೋ ಅವರೇ ಮಲೇರಿಯಾ ನಾಡಿನಿಂದ ಬಂದವರು, ಮಲೇರಿಯಾ ಪ್ರಶ್ನೆಗೆ ಹೌದು ಎಂದು ಹೇಳಿ ಮನೆಗೆ ಮರಳುವವರು. ಮಲೇರಿಯಾ ಸಾವಿರಾರು ವರ್ಷ ಮನುಷ್ಯನ ರಕ್ತವನ್ನು ತಿದ್ದುತ್ತ ಬಂದಿದೆ. ಆ ತಿದ್ದುಪಡಿಯಿಂದ ನರಳುವ ಮಗುವಿಗೆ ಇಂದು ರಕ್ತ ಸಿಗದಂತೆ ಅಡ್ಡ ನಿಂತಿರುವುದೂ ಅದೇ ಮಲೇರಿಯಾ.

ನಮ್ಮ ಕಡೆಯದೇ ಉದಾಹರಣೆ ಬೇಕೆಂದರೆ ಬಾಂಬೆ ರಕ್ತಗುಂಪು ಇದೆ. 1952ರಲ್ಲಿ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಈ ಗುಂಪು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿದ್ದರೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರಲ್ಲಿದೆ. ಇವರಿಗೆ ಓ ಗುಂಪಿನ ರಕ್ತವೂ ಆಗುವುದಿಲ್ಲ, ತಮ್ಮದೇ ಗುಂಪಿನದು ಬೇಕು. ಕೆಲವು ವರ್ಷಗಳ ಹಿಂದೆ ಮ್ಯಾನ್ಮಾರ್‌ನ ಹೃದ್ರೋಗಿಯೊಬ್ಬರಿಗೆ ನಮ್ಮ ದಾವಣಗೆರೆಯಿಂದ ಬಾಂಬೆ ಗುಂಪಿನ ರಕ್ತ ಹೋಯಿತು. ಅಂಥ ದಾನಿಯೊಬ್ಬರು ವಲಸೆ ಹೋದ ಊರಿನಲ್ಲೇ ಇದ್ದೂ ಮೂರು ವರ್ಷ ಸಾಲಿನಿಂದ ಹೊರಗುಳಿದರೆ ಅದು ಎಂಥ ನಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಮಲೇರಿಯಾದ ಮಾತು ಇಷ್ಟಾದ ಮೇಲೆ ನಾವು ಅಷ್ಟಾಗಿ ಕೇಳದ ಇನ್ನೊಂದು ಪರಾವಲಂಬಿಯ ಕಥೆಯನ್ನು ಹೇಳಲೇಬೇಕು. ಪ್ರಯಾಣದ ಪ್ರಶ್ನೆಯಿಂದ ಪರೀಕ್ಷೆಯ ಕಡೆಗೆ ಜಗತ್ತು ಸಾಗಿದ ದಾರಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ಪ್ರಾಂತದ ಲಾಸಾನ್ಸ್ ಎಂಬ ಹಳ್ಳಿಗೆ ಕಾರ್ಲೋಸ್ ಚಾಗಸ್ ಎಂಬ ಯುವ ವೈದ್ಯ ಹೋದದ್ದು ರೈಲು ಹಳಿ ಹಾಕುವ ಕೂಲಿಗಳ ನಡುವೆ ಮಲೇರಿಯಾ ತಡೆಯಲು. ಅಲ್ಲಿ ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಬದುಕುವ, ತಿಗಣೆ ಜಾತಿಗೆ ಸೇರಿದ ದೊಡ್ಡ ಕೀಟವೊಂದು ರಾತ್ರಿ ಮಲಗಿದವರ ಮುಖಕ್ಕೆ ಕಚ್ಚಿ ರಕ್ತ ಹೀರುವುದನ್ನು ಕಂಡರು. ಅದರ ಕರುಳಿನಲ್ಲಿ ಹೊಸ ಪರಾವಲಂಬಿ ಸಿಕ್ಕಿತು. ತಮ್ಮ ಗುರು ಓಸ್ವಾಲ್ಡೋ ಕ್ರೂಜ್ ಅವರ ಹೆಸರಿನಲ್ಲಿ ಅದನ್ನು ಟ್ರಿಪನೊಸೋಮಾ ಕ್ರೂಜಿ ಎಂದು ಕರೆದರು. 1909ರಲ್ಲಿ ಬೆರೆನಿಸ್ ಎಂಬ ಎರಡು ವರ್ಷದ ಮಗುವಿನ ರಕ್ತದಲ್ಲಿ ಅದೇ ಜೀವಿಯನ್ನು ಕಂಡರು. ಕೀಟ, ರೋಗಾಣು, ರೋಗ ಮೂರನ್ನೂ ಒಬ್ಬರೇ ಕಂಡುಹಿಡಿದದ್ದು ವೈದ್ಯಕೀಯ ಇತಿಹಾಸದಲ್ಲಿ ತೀರ ವಿರಳ. ಕೀಟ ಕಚ್ಚಿದ್ದರಿಂದ ಸೋಂಕು ಬರುವುದಿಲ್ಲ, ಕಚ್ಚಿದ ಕಡೆ ಅದು ಹಾಕುವ ಹಿಕ್ಕೆಯನ್ನು ನಾವು ಕೆರೆದುಕೊಂಡಾಗ ಒಳಗೆ ಸೇರುತ್ತದೆ. ಮೊದಲ ಕೆಲವು ವಾರ ಸಣ್ಣ ಜ್ವರ ಬಂದು ಹೋಗುತ್ತದೆ, ಆಮೇಲೆ ಮೌನ. ಚಿಕಿತ್ಸೆ ಇಲ್ಲದಿದ್ದರೆ ಪರಾವಲಂಬಿ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಗೆ ದಶಕಗಳ ನಂತರ ಹೃದಯ ಹಿಗ್ಗುತ್ತದೆ, ಇಲ್ಲವೇ ಅನ್ನನಾಳ, ಕರುಳು ಕೆಡುತ್ತವೆ. ಉಳಿದವರಿಗೆ ಏನೂ ಆಗುವುದಿಲ್ಲ. ಬೆರೆನಿಸ್ ಎಪ್ಪತ್ತು ದಾಟಿ ಬದುಕಿದಳು, ಸೋಂಕು ಹೃದಯವನ್ನು ಕೆಡಿಸಲಿಲ್ಲ, ಪರಾವಲಂಬಿ ಮಾತ್ರ ದಶಕಗಳ ಬಳಿಕವೂ ರಕ್ತದಲ್ಲಿತ್ತು. ರಕ್ತನಿಧಿಗೆ ಬಂದು ನಿಲ್ಲುವ ಆರೋಗ್ಯವಂತ ದಾನಿ ಎಂದರೆ ಅವಳಂಥವರೇ.

ದಕ್ಷಿಣ ಅಮೆರಿಕದ ಹಳ್ಳಿಗರು ನಗರಗಳಿಗೆ ಬಂದಂತೆ ರೋಗವೂ ಬಂತು. ಕೀಟವೇ ಇಲ್ಲದ ಸಾವೋ ಪೌಲೋದಂಥ ನಗರದಲ್ಲಿ ರಕ್ತದ ಬಾಟಲಿಯೇ ಕೀಟದ ಕೆಲಸ ಮಾಡತೊಡಗಿತು. 1952ರಲ್ಲಿ ಮೊದಲ ಪ್ರಕರಣಗಳು ವರದಿಯಾದವು. ಮರುವರ್ಷವೇ ಸಾವೋ ಪೌಲೋದ ವಿಕ್ಟರ್ ನುಸೆನ್‌ಜ್ವೈಗ್, ರುತ್ ಸೊನ್‌ಟಾಗ್ ಮತ್ತು ಸಂಗಡಿಗರು ಒಂದು ಉಪಾಯ ಕಂಡುಕೊಂಡರು. ಬಾಯಿಹುಣ್ಣಿಗೆ, ಗಾಯಕ್ಕೆ ನಮ್ಮಲ್ಲೂ ಹಚ್ಚುತ್ತಿದ್ದ ನೇರಳೆ ಬಣ್ಣದ ಔಷಧಿ, ಜೆಂಟಿಯನ್ ವಯೊಲೆಟ್, ಅದನ್ನು ರಕ್ತದ ಬಾಟಲಿಗೆ ಬೆರೆಸಿ ಒಂದು ದಿನ ಫ್ರಿಜ್ಜಿನಲ್ಲಿಟ್ಟರೆ ಪರಾವಲಂಬಿ ಸಾಯುತ್ತಿತ್ತು. ರಕ್ತ ನೇರಳೆಯಾಗುತ್ತಿತ್ತು, ಪಡೆದವರ ಚರ್ಮಕ್ಕೂ ಕೆಲಕಾಲ ಬಣ್ಣ ಏರುತ್ತಿತ್ತು, ಆದರೆ ಸೋಂಕು ದಾಟುತ್ತಿರಲಿಲ್ಲ. ದಶಕಗಳ ಕಾಲ ಲ್ಯಾಟಿನ್ ಅಮೆರಿಕದ ಹಲವೆಡೆ ಇದನ್ನು ಬಳಸಿದರು. ವಿಕ್ಟರ್ ಅವರನ್ನು ಮದುವೆಯಾದ ರುತ್ ಮುಂದೆ ನ್ಯೂಯಾರ್ಕಿಗೆ ಹೋದರು. 1967ರಲ್ಲಿ, ವಿಕಿರಣದಿಂದ ದುರ್ಬಲಗೊಳಿಸಿದ ಮಲೇರಿಯಾ ಪರಾವಲಂಬಿಯನ್ನು ಕೊಟ್ಟರೆ ಇಲಿಗಳಿಗೆ ರಕ್ಷಣೆ ಸಿಗುತ್ತದೆಂದು ತೋರಿಸಿದರು. ಪರಾವಲಂಬಿಯ ಹೊರಮೈಯ ಯಾವ ಪ್ರೋಟೀನನ್ನು ಈ ದಂಪತಿ ಗುರುತಿಸಿದರೋ ಅದರ ಮೇಲೆಯೇ ಇಂದಿನ ಎರಡೂ ಮಲೇರಿಯಾ ಲಸಿಕೆಗಳು ನಿಂತಿವೆ, ಅವುಗಳಲ್ಲಿ ಒಂದು ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗುತ್ತದೆ. ನಾಟ್ಸಿಗಳ ಕೈಯಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬ್ರೆಜಿಲ್‌ಗೆ ಬಂದ ಕುಟುಂಬದ ಹುಡುಗಿ ಆಕೆ. ಆಕೆಯ ಹೆಸರು ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು.

ವಲಸೆ ಮುಂದುವರಿದು ಬೊಲಿವಿಯಾದವರು ಸ್ಪೇನಿಗೆ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದವರು ಅಮೆರಿಕಕ್ಕೆ ಬಂದರು. ಸ್ಪೇನ್ 2005ರ ಕಾನೂನಿನಲ್ಲಿ ಅಪಾಯವಿರುವ ದಾನಿಗಳನ್ನು ಈ ಚಾಗಸ್ ರೋಗಕ್ಕೆ ಪರೀಕ್ಷಿಸಬೇಕೆಂದು ಬರೆಯಿತು. ಅಮೆರಿಕದಲ್ಲಿ 2006ರ ಕೊನೆಗೆ ಪರೀಕ್ಷೆಗೆ ಅನುಮತಿ ಸಿಕ್ಕಿ 2007ರ ಆರಂಭದಿಂದ ರೆಡ್ ಕ್ರಾಸ್ ಬಳಸತೊಡಗಿತು. ಈ ಸೋಂಕು ಜೀವಮಾನದ್ದು, ಅಮೆರಿಕದೊಳಗೆ ಹೊಸದಾಗಿ ತಗುಲುವುದು ಅಪರೂಪ. ಹಾಗಾಗಿ ಒಬ್ಬ ದಾನಿಯನ್ನು ಒಮ್ಮೆ ಪರೀಕ್ಷಿಸಿದರೆ ಸಾಕು ಎಂದು 2010ರಲ್ಲಿ ತೀರ್ಮಾನವಾಯಿತು. ಎಲ್ಲಿ ಹುಟ್ಟಿದಿರಿ ಎಂದು ಕೇಳುವ ಅಗತ್ಯವೇ ಬೀಳದಂತೆ ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಸಲ. ಎಷ್ಟು ಗೌರವದ ವ್ಯವಸ್ಥೆ!

ಬ್ರಿಟನ್‌ನ ನಿಯಮದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಾಲು ಬೇರೆ ಇದೆ. ಮಧ್ಯ, ದಕ್ಷಿಣ ಅಮೆರಿಕದಲ್ಲಿ ಹುಟ್ಟಿದವರು, ಅಲ್ಲಿ ರಕ್ತ ಪಡೆದವರು, ಅಲ್ಲಿನ ಹಳ್ಳಿಗಾಡಿನಲ್ಲಿ ನಾಲ್ಕು ವಾರ ಅಥವಾ ಹೆಚ್ಚು ಇದ್ದವರು ಪರೀಕ್ಷೆಗೆ ಒಳಪಡಬೇಕು. ಜೊತೆಗೆ, ತಾಯಿ ಅಲ್ಲಿ ಹುಟ್ಟಿದ್ದರೆ ಮಕ್ಕಳೂ. ಲಂಡನ್ನಿನಲ್ಲೇ ಹುಟ್ಟಿ ಊರ ಗಡಿ ದಾಟದ ಯುವಕನ ರಕ್ತದಲ್ಲೂ ತಾಯಿ ಗರ್ಭದಲ್ಲಿ ದಾಟಿಸಿದ ಪರಾವಲಂಬಿ ಇರಬಹುದು. ಪ್ರಯಾಣ ಮಾಡಿದ್ದು ತಾಯಿ, ಉತ್ತರ ಹೇಳಬೇಕಾದವನು ಮಗ.

ಉಣ್ಣೆಯಿಂದ ಹರಡುವ ಬಬೇಸಿಯಾ ಇನ್ನೊಂದು ಬಗೆಯದು. ಮಂಗನ ಕಾಯಿಲೆ ಕಂಡ ಮಲೆನಾಡಿಗರಿಗೆ ಉಣ್ಣೆಯ ಬಗ್ಗೆ ಹೇಳಬೇಕಾದ್ದಿಲ್ಲ. ಅಮೆರಿಕದ ಈಶಾನ್ಯ ತೀರದ ಉಣ್ಣೆಗಳು ಹೊತ್ತು ತರುವ ಈ ಪರಾವಲಂಬಿಯೂ ಕೆಂಪುಕಣದಲ್ಲೇ ಬೆಳೆಯುತ್ತದೆ, ಗುಲ್ಮ ತೆಗೆಸಿಕೊಂಡವರಿಗೆ ಮತ್ತು ವೃದ್ಧರಿಗೆ ಮಾರಕವಾಗಬಲ್ಲದು. ‘ನಿಮಗೆ ಎಂದಾದರೂ ಬಬೇಸಿಯಾ ಬಂದಿತ್ತೇ’ ಎಂದು ದಶಕಗಟ್ಟಲೆ ಕೇಳಿದರು. ಬಂದದ್ದು ಬಂದವರಿಗೇ ಗೊತ್ತಿರದಿದ್ದಾಗ ಆ ಪ್ರಶ್ನೆಯಿಂದ ಏನು ಸಿಗಬೇಕು? 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 89,153 ದಾನಗಳನ್ನು ಪರೀಕ್ಷಿಸಿದಾಗ 335ರಲ್ಲಿ ಸೋಂಕು ಖಚಿತವಾಯಿತು. 2019ರಿಂದ ಹದಿನಾಲ್ಕು ರಾಜ್ಯಗಳು ಮತ್ತು ರಾಜಧಾನಿಯಲ್ಲಿ ಪ್ರತಿ ಚೀಲಕ್ಕೂ ಜೀನು ಹುಡುಕುವ ನ್ಯಾಟ್ ಪರೀಕ್ಷೆ ಮಾಡುತ್ತಾರೆ. ಕಾಲಾ ಅಜಾರ್ ಕುಟುಂಬದ ಲೀಷ್ಮೇನಿಯಾಗೆ ಮಾತ್ರ ಇಂಥ ಅನುಕೂಲ ಇರಲಿಲ್ಲ. 1991ರಲ್ಲಿ ಕೊಲ್ಲಿ ಯುದ್ಧದಿಂದ ಮರಳಿದ ಕೆಲವು ಅಮೆರಿಕನ್ ಸೈನಿಕರಲ್ಲಿ ಅದು ಕಂಡಾಗ, ಅಲ್ಲಿಗೆ ಹೋಗಿ ಬಂದವರೆಲ್ಲರ ರಕ್ತದಾನವನ್ನೇ ಸುಮಾರು ಒಂದು ವರ್ಷ ನಿಲ್ಲಿಸಬೇಕಾಯಿತು.

ಮಲೇರಿಯಾಕ್ಕೂ ಈಗ ಕಾಲ ಬಂದಿದೆ. 2023ರಲ್ಲಿ ಫ್ಲಾರಿಡಾ, ಟೆಕ್ಸಸ್, ಮೇರಿಲ್ಯಾಂಡ್, ಆರ್ಕನ್ಸಾಗಳಲ್ಲಿ ಹತ್ತು ಮಂದಿಗೆ ವಿದೇಶಕ್ಕೆ ಹೋಗದೆಯೇ ಸ್ಥಳೀಯ ಸೊಳ್ಳೆಯಿಂದ ಮಲೇರಿಯಾ ಬಂತು. ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆಗೆ ಇಂಥವರ ಉತ್ತರ ‘ಎಲ್ಲಿಗೂ ಇಲ್ಲ’. 2024ರ ಮಾರ್ಚ್‌ನಲ್ಲಿ ರಕ್ತದಾನಿಗಳ ಮಲೇರಿಯಾ ತಪಾಸಣೆಗೆ ಅಮೆರಿಕದ ಎಫ್‌ಡಿಎ ಮೊದಲ ಬಾರಿಗೆ ಒಂದು ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ರೋಶ್ ಕಂಪನಿಯ ಈ ನ್ಯಾಟ್ ಪರೀಕ್ಷೆ ಮನುಷ್ಯರಿಗೆ ತಗಲುವ ಐದೂ ಜಾತಿಯ ಪ್ಲಾಸ್ಮೋಡಿಯಂ ಅನ್ನು, ಸ್ಮಿಯರ್ ಮತ್ತು ಕಿಟ್‌ಗಳಿಗೆ ಸಿಗದಷ್ಟು ಕಡಿಮೆ ಇದ್ದಾಗಲೂ ಹಿಡಿಯುತ್ತದೆ. 2025ರ ಜನವರಿಯಲ್ಲಿ ಎಫ್‌ಡಿಎ ಹೊರಡಿಸಿದ ಕರಡು, ಅಪಾಯವಿರುವ ದಾನಿಗಳನ್ನು ವಾಪಸು ಕಳಿಸುವ ಬದಲು ಪರೀಕ್ಷಿಸಿ ಅವರ ರಕ್ತ ಸ್ವೀಕರಿಸುವ ದಾರಿಯನ್ನು ಮುಂದಿಟ್ಟಿತು. ಇದು ಬೇಗ ಜಾರಿಗೆ ಬರಬೇಕು. ಖರ್ಚಿನ ಮಾತು ಬಂದೇ ಬರುತ್ತದೆ. ಆದರೆ ಎಲ್ಲ ಚೀಲಕ್ಕೂ ಇದು ಬೇಕಿಲ್ಲ, ಪ್ರಶ್ನೆ ಆರಿಸಿ ಕೊಟ್ಟವರಿಗೆ ಸಾಕು.

ಈಗ ನಮ್ಮ ಮನೆಯ ಮಾತು. ಭಾರತದಲ್ಲಿ ಪ್ರತಿ ಚೀಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಜೊತೆಗೆ ಮಲೇರಿಯಾಕ್ಕೂ ಪರೀಕ್ಷಿಸಲೇಬೇಕು ಎಂಬ ಕಾನೂನಿದೆ. ಹಲವು ಶ್ರೀಮಂತ ದೇಶಗಳು ಮಾಡದ್ದನ್ನು ನಾವು ಮಾಡುತ್ತೇವೆ. ಆದರೆ ಪರೀಕ್ಷೆ ಹೆಚ್ಚಾಗಿ ಅದೇ ಸ್ಮಿಯರ್, ಅದೇ ರ‍್ಯಾಪಿಡ್ ಕಿಟ್. ಅವುಗಳ ಮಿತಿ ಮೇಲೆ ಹೇಳಿದ ಲೆಕ್ಕದಲ್ಲೇ ಇದೆ. ಬ್ರಿಟನ್‌ನಂತೆ ಪ್ರತಿಕಾಯ ಹುಡುಕಹೊರಟರೆ, ಹಿಂದೆಂದೋ ಮಲೇರಿಯಾ ಬಂದು ಪೂರ್ತಿ ಗುಣವಾದವರೆಲ್ಲ ಸಿಕ್ಕಿಬಿದ್ದು ರಕ್ತನಿಧಿಗಳು ಬರಿದಾದಾವು. ಹಾಗಾಗಿ ನಮ್ಮಲ್ಲೂ ಕೊನೆಗೆ ಭಾರ ಬೀಳುವುದು ಪ್ರಶ್ನೆಯ ಮೇಲೆ. ಮಲೇರಿಯಾ ಬಂದು ಪೂರ್ತಿ ಗುಣವಾದ ಮೇಲೆ ಮೂರು ತಿಂಗಳು ರಕ್ತ ಕೊಡಬಾರದು ಎಂಬುದು ರಾಷ್ಟ್ರೀಯ ಮಾರ್ಗಸೂಚಿ.

ದೇಶದಲ್ಲಿ 2015ರಲ್ಲಿ 11.69 ಲಕ್ಷ ಇದ್ದ ಮಲೇರಿಯಾ ಪ್ರಕರಣಗಳು 2023ರಲ್ಲಿ 2.27 ಲಕ್ಷಕ್ಕೆ ಇಳಿದಿವೆ. ಕಟ್ಟಡ ಕೆಲಸದ ನೀರಿನ ತೊಟ್ಟಿಗಳಲ್ಲಿ ಸೊಳ್ಳೆ ಸಾಕಿ ವರ್ಷಗಟ್ಟಲೆ ನರಳಿದ ಮಂಗಳೂರಿನಲ್ಲೂ ಬಹಳ ಇಳಿದಿದೆ. ಇದು ದೊಡ್ಡ ಗೆಲುವು. ಊರಿನಲ್ಲಿ ರೋಗ ಕಡಿಮೆಯಾದಷ್ಟೂ ಹೊರಗಿನಿಂದ ಬಂದದ್ದರ ಪಾಲು ಹೆಚ್ಚುತ್ತದೆ, ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಗೆ ನಮ್ಮಲ್ಲೂ ತೂಕ ಬರುತ್ತದೆ. ಫ್ಯಾಲ್ಸಿಪಾರಂ ಹೆಚ್ಚಾಗಿರುವ ಒಡಿಶಾ, ಛತ್ತೀಸಗಡದ ಕಾಡಂಚಿನಿಂದ ಬೆಂಗಳೂರಿಗೆ ದುಡಿಯಲು ಬಂದವರಿದ್ದಾರೆ. ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿ ಬರುವ ನಮ್ಮ ಹಕ್ಕಿಪಿಕ್ಕಿ ಸಮುದಾಯದವರಿದ್ದಾರೆ, 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡಾಗಲೇ ನಮ್ಮಲ್ಲಿ ಎಷ್ಟೋ ಜನ ಅವರ ಪ್ರಯಾಣದ ಬಗ್ಗೆ ಮೊದಲು ಕೇಳಿದ್ದು. ಕೀನ್ಯಾಕ್ಕೆ ಸಫಾರಿಗೆ, ನೈಜೀರಿಯಾಕ್ಕೆ ಕೆಲಸಕ್ಕೆ ಹೋಗುವವರಿದ್ದಾರೆ. ಇವರಲ್ಲಿ ಯಾರನ್ನೂ ಅನುಮಾನದಿಂದ ನೋಡಬೇಕಿಲ್ಲ. ಸರಿಯಾಗಿ ಕೇಳಬೇಕು, ಜ್ವರ ಬಂದಿತ್ತೇ ಎಂದು ವಿಚಾರಿಸಬೇಕು, ಯಾವಾಗ ಮತ್ತೆ ಬರಬಹುದೆಂದು ಹೇಳಿ ಕಳಿಸಬೇಕು.

ನಮ್ಮ ಶಿಬಿರಗಳಲ್ಲಿ ಆಗದಿರುವುದು ಇದೇ. ನಾಯಕರ ಹುಟ್ಟುಹಬ್ಬಕ್ಕೆ ಇಷ್ಟು ನೂರು ಬಾಟಲಿ ಎಂದು ಗುರಿ ಇಟ್ಟುಕೊಂಡ ಕಡೆ ಅರ್ಜಿಯ ಪ್ರಶ್ನೆಗಳಿಗೆಲ್ಲ ಒಂದೇ ಉಸಿರಿನಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿಸಿಬಿಡುತ್ತಾರೆ. ಗೆಳೆಯರ ಎದುರು ‘ಹೋದ ತಿಂಗಳು ಮಲೇರಿಯಾ ಬಂದಿತ್ತು’ ಎಂದು ಎದ್ದು ಹೋಗಲು ಹುಡುಗರಿಗೆ ಸಂಕೋಚ. ಆ ಚೀಲ ಹೋಗುವುದು ಮೂರು ವಾರಕ್ಕೊಮ್ಮೆ ರಕ್ತ ಪಡೆದೇ ಬದುಕುವ ಥಲಸ್ಸೀಮಿಯಾ ಮಗುವಿಗಿರಬಹುದು. ವರ್ಷಕ್ಕೆ ಹದಿನೇಳು ಬಾರಿ ಅಪರಿಚಿತರ ಮಾತನ್ನು ನಂಬಿ ಕೈ ಚಾಚುವ ಮಗು ಅದು. ಶಿಬಿರ ನಡೆಸುವವರು ಬಾಟಲಿ ಎಣಿಸುವ ಬದಲು, ಪ್ರತಿ ದಾನಿಯನ್ನೂ ಪಕ್ಕಕ್ಕೆ ಕರೆದು ಐದು ನಿಮಿಷ ಮಾತಾಡಿಸುವ ವ್ಯವಸ್ಥೆಯನ್ನು ಮೊದಲು ಮಾಡಲಿ. ಸರ್ಕಾರ ಥಲಸ್ಸೀಮಿಯಾ, ಸಿಕಲ್ ಸೆಲ್ ಮಕ್ಕಳಿಗೆ ಹೋಗುವ ರಕ್ತಕ್ಕಾದರೂ ಮಲೇರಿಯಾ ನ್ಯಾಟ್ ಪರೀಕ್ಷೆಯನ್ನು ಆರಂಭಿಸಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮಲೇರಿಯಾ ಇರುವ ಕಡೆಗೆ ಪ್ರಯಾಣ ಹೊರಡುವವರಿದ್ದರೆ, ಕೊನೆಯ ಸಲ ರಕ್ತ ಕೊಟ್ಟು ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಳೆದಿದ್ದರೆ, ಹೊರಡುವ ಮೊದಲು ರಕ್ತ ಕೊಟ್ಟು ಹೋಗಿ. ಮರಳಿದ ಮೇಲೆ ರಕ್ತನಿಧಿಯಲ್ಲಿ ಎಲ್ಲಿಗೆ ಹೋಗಿದ್ದಿರೆಂದು ಅವರು ಕೇಳದಿದ್ದರೂ ನೀವೇ ಹೇಳಿ. ಹೊರದೇಶದಲ್ಲಿರುವ ಬಂಧುಗಳನ್ನು ಒಮ್ಮೆ ವಾಪಸು ಕಳಿಸಿದ್ದರೆ, ಮತ್ತೆ ಯಾವ ದಿನಾಂಕಕ್ಕೆ ಬರಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಲು ಹೇಳಿ, ಆ ದಿನ ಅವರು ಮರೆಯದೆ ಹೋಗಲಿ.